ಕಾಸರಗೋಡಿಗೆ ಬರುವುದಾದರೆ ಹೊತ್ತು ನೋಡಿ ಬನ್ನಿ

ಬೇಕಲ ಕೋಟೆ ಬಿಟ್ಟರೆ ನಿಮ್ಮಲ್ಲಿ ಏನುಂಟು, ಒಂದು ದಿನ ಸಾಕಲ್ಲ ಎಂದು ಘಟ್ಟದ ಮೇಲಿನವರು ಕೇಳುವುದುಂಟು. ಕೋಟೆಗೆ ಅರ್ಧ ದಿನ ಸಾಕು. ಉಳಿದದ್ದಕ್ಕೆ ಇನ್ನೂ ಎರಡು ದಿನ ಇಟ್ಟುಕೊಳ್ಳಿ, ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಗೋವಾದ ಹಾಗೆ ಕಡಲ ಬದಿಯಲ್ಲಿ ನಡುರಾತ್ರಿಯವರೆಗೆ ಗೌಜಿ ಹುಡುಕಿದರೆ ಇಲ್ಲಿ ಸಿಗುವುದಿಲ್ಲ. ಇಲ್ಲಿ ಕೋಟೆಯ ಬಾಗಿಲು, ದೇವಸ್ಥಾನದ ನಡೆ, ಕಾಯಲಿನ (ಹಿನ್ನೀರಿನ) ನೀರು, ತೆಯ್ಯದ (ಇಲ್ಲಿಯ ದೈವದ ಕೋಲದ) ಕಾಲ ಎಲ್ಲದಕ್ಕೂ ಒಂದು ಹೊತ್ತುಂಟು. ಅದು ತಪ್ಪಿದರೆ ಬಂದದ್ದು ದಂಡ.

ಮೊದಲು ದಾರಿ. ತಲಪಾಡಿ ದಾಟಿದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಆಮೇಲೆ ಕಾಸರಗೋಡು ಪೇಟೆ; ಮಂಗಳೂರಿನಿಂದ ಸುಮಾರು 50 ಕಿ.ಮೀ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ಇದು ದಕ್ಷಿಣ ಕನ್ನಡದ್ದೇ ತಾಲೂಕು. ಹಾಗಾಗಿ ಪಯಸ್ವಿನಿ ಹೊಳೆಯ (ಚಂದ್ರಗಿರಿ ಎನ್ನುವುದೂ ಇದನ್ನೇ) ಉತ್ತರಕ್ಕೆ ಅಂಗಡಿ, ಬಸ್ಸು, ದೇವಸ್ಥಾನಗಳಲ್ಲಿ ಕನ್ನಡ, ತುಳು ಧಾರಾಳ ನಡೆಯುತ್ತದೆ. ಹೊಳೆ ದಾಟಿದ ಮೇಲೆ ಮಲಯಾಳವೇ ಹೆಚ್ಚು, ಬೇಕಲ ಇರುವುದು ಆ ಬದಿಯಲ್ಲಿ.

ಹೊಸಬರು ಎಡವುವುದು ಬಸ್ಸಿನಲ್ಲಿ. ಕಾಸರಗೋಡಿನಿಂದ ದಕ್ಷಿಣಕ್ಕೆ ಎರಡು ದಾರಿ. ರಾಷ್ಟ್ರೀಯ ಹೆದ್ದಾರಿ ಚೆರ್ಕಳ, ಪೊಯಿನಾಚಿ, ಪೆರಿಯ ಎಂದು ಒಳಗಿನಿಂದ ಹೋಗುತ್ತದೆ, ಕೋಟೆಯ ಹತ್ತಿರಕ್ಕೂ ಬರುವುದಿಲ್ಲ. ಕೋಟೆ ಇರುವುದು ಚೆಮ್ನಾಡು, ಉದುಮ, ಪಾಲಕ್ಕುನ್ನು ಮೂಲಕ ಕಾಞಂಗಾಡಿಗೆ ಹೋಗುವ ಕಡಲ ಬದಿಯ ರಸ್ತೆಯಲ್ಲಿ. ಕಣ್ಣೂರು ಬೋರ್ಡು ನೋಡಿ ಹತ್ತಿಬಿಟ್ಟರೆ ಕೆಲಸ ಕೆಟ್ಟಿತು; "ಚಂದ್ರಗಿರಿ ವಳಿಯಾ?" (ಚಂದ್ರಗಿರಿ ದಾರಿಯಾಗಿ ಹೋಗುತ್ತದಾ?) ಎಂದು ಕಂಡಕ್ಟರನ್ನು ಕೇಳಿ ಹತ್ತಿ. ರೈಲಿನಲ್ಲಾದರೆ ಕೋಟೆಯ ಹೆಸರಿನದೇ ಸ್ಟೇಷನ್ ಉಂಟು, ಆದರೆ ಅಲ್ಲಿ ನಿಲ್ಲುವುದು ಮುಖ್ಯವಾಗಿ ಪ್ಯಾಸೆಂಜರ್ ಗಾಡಿಗಳು. ಎಕ್ಸ್‌ಪ್ರೆಸ್ಸಿನವರು ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿಯಬೇಕು.

ಕೋಟೆ ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ್ದು, ಸುಮಾರು 40 ಎಕರೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವಾಗಲೇ ಹೋಗಿ. ಒಳಗೆ ಹುಲ್ಲು ಬಯಲು, ನೆರಳು ಕಡಿಮೆ. ಹತ್ತೂವರೆ ಕಳೆದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಕಾವು ಕೆಳಗಿನಿಂದಲೂ ಬಡಿಯುತ್ತದೆ. ನಡುವಿನ ಕಾವಲು ಬುರುಜಿಗೆ ಮೆಟ್ಟಿಲಿಲ್ಲ, ಅಗಲದ ಇಳಿಜಾರು ಹಾದಿ. ಮೇಲೆ ನಿಂತರೆ ಪಳ್ಳಿಕ್ಕರೆ, ಕೋಟಿಕುಳಂ ಕಡೆಯ ತೆಂಗಿನ ತೋಟವೆಲ್ಲ ಕಾಣುತ್ತದೆ. ಹೆಚ್ಚಿನವರು ಅಲ್ಲಿ ಫೋಟೋ ತೆಗೆದು ಇಳಿಯುತ್ತಾರೆ, ಹೊರಗೋಡೆಯ ಕಂಡಿಗಳನ್ನು ನೋಡುವುದೇ ಇಲ್ಲ. ಒಂದಕ್ಕೆ ಕಣ್ಣು ಹಚ್ಚಿ ನೋಡಿ: ಮೇಲಿನ ಕಂಡಿಯಿಂದ ದೂರದ ನೀರು, ಅದರ ಕೆಳಗಿನದರಿಂದ ಹತ್ತಿರದ್ದು, ಎಲ್ಲಕ್ಕಿಂತ ಕೆಳಗಿನದರಿಂದ ಗೋಡೆಯ ಬುಡ. ವೈರಿ ಹತ್ತಿರ ಬಂದ ಹಾಗೆ ಗುರಿ ಇಳಿಸುತ್ತ ಬರಲು ಮಾಡಿದ ಏರ್ಪಾಡು. ಮಳೆಗಾಲದಲ್ಲಿ ಕೋಟೆ ಇನ್ನೂ ಚಂದ, ಆದರೆ ಮುರಕಲ್ಲಿಗೆ ಪಾಚಿ ಹಿಡಿದಿರುತ್ತದೆ, ಸವೆದ ಚಪ್ಪಲಿಯಲ್ಲಿ ಕಡಲ ಕಡೆಯ ಬುರುಜಿಗೆ ಇಳಿಯಬೇಡಿ.

ಸೂರ್ಯಾಸ್ತವನ್ನು ಕೋಟೆಯೊಳಗೆ ನೋಡುತ್ತೇನೆಂದರೆ ಆಗುವುದಿಲ್ಲ, ಅದಕ್ಕೆ ಮೊದಲೇ ಎಬ್ಬಿಸುತ್ತಾರೆ. ಪಕ್ಕದ ಪಳ್ಳಿಕ್ಕರೆ ಕಡಲತೀರಕ್ಕೆ ಬನ್ನಿ, ಅಲ್ಲಿಂದ ಕೋಟೆಯೂ ಸೇರಿ ಕಾಣುತ್ತದೆ. ಈಜುವ ಆಸೆ ಇದ್ದರೆ ಒಂದು ಮಾತು: ಹೊಳೆ ಕಡಲಿಗೆ ಸೇರುವ ಅಳಿವೆಗಳ ಹತ್ತಿರ ಇಳಿಯಲೇಬೇಡಿ. ಇಳಿತದ ಹೊತ್ತಿಗೆ ಹೊಳೆ ನೀರು ಹೊರಗೆ ಎಳೆಯುತ್ತದೆ, ಮೇಲೆ ನೋಡಿದರೆ ಶಾಂತವಾಗಿಯೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಿಯೂ ಬೇಡ.

ಎರಡನೆಯ ದಿನ ಕಾಯಲಿಗೆ. ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹೌಸ್‌ಬೋಟ್ ಸಿಗುತ್ತದೆ, ಆಲಪ್ಪುಳದ ನೂಕುನುಗ್ಗಲು ಇಲ್ಲ. ಎಷ್ಟು ಗಂಟೆ, ಊಟ ಸೇರಿಯೋ, ಎಲ್ಲಿಯವರೆಗೆ ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. ವಲಿಯಪರಂಬದಲ್ಲಿ ಇಳಿದರೆ ಒಂದು ಬದಿಗೆ ಕಾಯಲು, ಒಂದು ಬದಿಗೆ ಕಡಲು, ನಡುವೆ ಹೊಯಿಗೆಯ (ಮರಳಿನ) ಪಟ್ಟಿ. ಕೆಲವು ಕಡೆ ಈ ಬದಿಯಿಂದ ಆ ಬದಿಗೆ ಕೆಲವೇ ನಿಮಿಷದ ನಡಿಗೆ.

ದಾರಿಯಲ್ಲಿ ನೀರಿನೊಳಗೆ ಕಂಬ ನೆಟ್ಟ ಚಪ್ಪರ ಕಂಡರೆ ಅದು ಪಚ್ಚಿಲೆ (ತಿನ್ನುವ ಚಿಪ್ಪುಜೀವಿ) ಕೃಷಿ; ಪಡನ್ನ ಕಡೆ ಹೆಚ್ಚು. ಮರಿ ಪಚ್ಚಿಲೆಗಳನ್ನು ಹಗ್ಗದ ಸುತ್ತ ಹತ್ತಿಬಟ್ಟೆಯಲ್ಲಿ ಹೊಲಿದು ನವೆಂಬರ್, ಡಿಸೆಂಬರಿನಲ್ಲಿ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಅವು ನಾರು ಬಿಟ್ಟು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮೇ ಮುಗಿಯುವುದರೊಳಗೆ ಎತ್ತಲೇಬೇಕು, ಯಾಕೆಂದರೆ ಮಳೆನೀರು ನುಗ್ಗಿ ಉಪ್ಪು ಇಳಿದರೆ ಇಡೀ ಹಗ್ಗವೇ ಸಾಯುತ್ತದೆ. ತಿನ್ನುವುದಾದರೆ ಅರಿಕಡುಕ್ಕ ಕೇಳಿ. ಕುಚ್ಚಲಕ್ಕಿ, ತೆಂಗಿನಕಾಯಿ, ಸಣ್ಣ ನೀರುಳ್ಳಿ ತರಿತರಿಯಾಗಿ ಕಡೆದು ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ತೆಗೆದು, ಮೆಣಸು ಅರಸಿನ ಹಚ್ಚಿ ಎಣ್ಣೆಯಲ್ಲಿ ಕಾಯಿಸುತ್ತಾರೆ. ಸಂಜೆ ಚಹಾದ ಹೊತ್ತಿಗೆ ಬಿಸಿ ಇರುತ್ತದೆ. ತಣಿದದ್ದು ರಬ್ಬರಿನ ಹಾಗೆ, ಬೇಡ.

ಉತ್ತರದಲ್ಲಿ ಕುಂಬಳೆ ಹತ್ತಿರದ ಅನಂತಪುರ ಕೆರೆಯ ನಡುವಿನ ದೇವಸ್ಥಾನ. ಮೂರ್ತಿ ಕಲ್ಲಿನದಲ್ಲ, ಹಲವು ಮೂಲಿಕೆ ಸೇರಿಸಿ ಮಾಡುವ ಕಡುಶರ್ಕರ ಪಾಕದ್ದು. ಈ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಅದು ಕಂಡೇ ಕಾಣುತ್ತದೆಂದು ಮಕ್ಕಳಿಗೆ ಹೇಳಿಡಬೇಡಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಒಳಗೆ ಗಂಡಸರು ಅಂಗಿ ತೆಗೆಯಬೇಕು. ಮಧೂರಿನ ಗಣಪತಿ ದೇವಸ್ಥಾನದಲ್ಲಿ ಅಪ್ಪ ಪ್ರಸಾದ ತೆಗೆದುಕೊಳ್ಳಿ, ಮಾಡಿನ ಆನೆಬೆನ್ನಿನ ಆಕಾರವನ್ನು ಹಿಂದಿನಿಂದ ನೋಡಿ. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಮನೆ, ಈಗ ಗಿಳಿವಿಂಡು ಎಂಬ ಸ್ಮಾರಕ. ಕನ್ನಡ ಓದುವವರು ಅದನ್ನು ಬಿಟ್ಟು ಹೋದರೆ ನನಗೆ ಬೇಸರ.

ತೆಯ್ಯದ ಕಾಲ ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ. ಒಂದೇ ನೋಡುವುದಾದರೆ ವಿಷ್ಣುಮೂರ್ತಿಯ ಒತ್ತೆಕೋಲ ನೋಡಿ. ರಾತ್ರಿ ಉರಿಸಿದ ಸೌದೆಯ ರಾಶಿ ಬೆಳಗಿನ ಜಾವಕ್ಕೆ ಕೆಂಡವಾಗುತ್ತದೆ, ಅದಕ್ಕೆ ದೈವ ಹಾರುತ್ತದೆ. ಮೂರು ಗಂಟೆಗೇ ಹೋಗಿ ಗಾಳಿ ಬರುವ ಬದಿಯಲ್ಲಿ ನಿಲ್ಲಿ. ಎದುರು ಬದಿಯಲ್ಲಿ ಶಾಖಕ್ಕೂ ಹೊಗೆಗೂ ನಿಲ್ಲಲಿಕ್ಕಾಗುವುದಿಲ್ಲ. ದೈವದ ವೇಷ ಕಟ್ಟುವ ಚೌಕಿಯೊಳಗೆ ಇಣುಕಬೇಡಿ, ಫ್ಲ್ಯಾಶ್ ಹಾಕಬೇಡಿ. ದಿನಾಂಕ ತಿಳಿಯಲು ನೀಲೇಶ್ವರ, ಚೆರುವತ್ತೂರು ಪೇಟೆಯ ಪೋಸ್ಟರು ನೋಡಿ ಅಥವಾ ಚಹಾ ಅಂಗಡಿಯಲ್ಲಿ ವಿಚಾರಿಸಿ. ಆ ಹೊತ್ತಿಗೆ ಬಸ್ಸಿರುವುದಿಲ್ಲ, ರಿಕ್ಷಾದವರ ಹತ್ತಿರ ಹೋಗುವಾಗಲೇ ವಾಪಸಿಗೂ ಹೇಳಿಟ್ಟುಕೊಳ್ಳಿ.