ಹಳೆಯ ವಿಮಾನದ ರೆಕ್ಕೆಗೆ ವಿಂಗ್‌ಲೆಟ್ ಹಾಕಿಸಿದರೆ ಇಂಧನ ಹೇಗೆ ಉಳಿಯುತ್ತದೆ?

ವಿಂಗ್‌ಲೆಟ್ ಅಂದರೆ ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿದ ಭಾಗ. ಅದು ಅಲ್ಲಿ ಏಳುವ ಗಾಳಿಯ ಸುಳಿಯನ್ನು ದುರ್ಬಲಗೊಳಿಸುತ್ತದೆ. ಹಿಂದಕ್ಕೆಳೆಯುವ ಬಲ ತಗ್ಗಿ, ಎಂಜಿನ್ ಕಡಿಮೆ ದುಡಿದರೂ ಸಾಕಾಗುತ್ತದೆ. ಬೋಯಿಂಗ್ 737-800ರ ದೂರದ ಹಾರಾಟಗಳಲ್ಲಿ ಉಳಿತಾಯ ಸುಮಾರು ಶೇ. 4.

ಹಾರುವಾಗ ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಹಾಗಾಗಿ ಕೆಳಗಿನ ಗಾಳಿ ತುದಿಯನ್ನು ಸುತ್ತಿಕೊಂಡು ಮೇಲಕ್ಕೆ ನುಗ್ಗಿ ಸುಳಿಯಾಗುತ್ತದೆ. ಆ ಸುಳಿಯನ್ನು ತಿರುಗಿಸುವ ಶಕ್ತಿಗೆ ಬೆಲೆ ತೆರುವುದು ನಮ್ಮ ಇಂಧನವೇ.

ರೆಕ್ಕೆಯನ್ನೇ ಉದ್ದ ಮಾಡಿದರೂ ಇದೇ ಲಾಭ ಸಿಗುತ್ತದೆ. ಆದರೆ ಈ ವರ್ಗದ ವಿಮಾನಗಳ ನಿಲುಗಡೆ ಜಾಗದ ಮಿತಿ 36 ಮೀಟರ್. 737-800ರ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ 34.3 ಮೀ.; ಸುಮಾರು 2.4 ಮೀ. ಎತ್ತರದ ವಿಂಗ್‌ಲೆಟ್ ಕೂರಿಸಿದ ಮೇಲೂ 35.8 ಮೀ. ದಾಟುವುದಿಲ್ಲ.

ತುದಿಗೆ ನಾಲ್ಕು ಬೋಲ್ಟ್ ಬಿಗಿದರೆ ಮುಗಿಯಿತು ಅಂದುಕೊಳ್ಳಬೇಡಿ. ತುದಿಯ ಮೇಲೆ ಹೆಚ್ಚುವರಿ ಬಲ ಬಿದ್ದರೆ ರೆಕ್ಕೆ ಬುಡದವರೆಗೂ ಹೆಚ್ಚು ಬಾಗುತ್ತದೆ. ಮೊದಲೇ ಇದಕ್ಕೆಂದು ಸಜ್ಜಾಗಿರದ ರೆಕ್ಕೆಯಾದರೆ ಒಳಗಿನ ಚೌಕಟ್ಟನ್ನು ಬಲಪಡಿಸಬೇಕು. ಜೊತೆಗೆ ಫ್ಲಟರ್, ಅಂದರೆ ವೇಗ ಏರಿದಾಗ ರೆಕ್ಕೆ ತಾನಾಗಿ ಅದುರತೊಡಗುವ ಅಪಾಯ ಇಲ್ಲವೆಂದು ಪರೀಕ್ಷಿಸಿ ತೋರಿಸಬೇಕು. ಎಲ್ಲ ಸೇರಿ 200 ಕೆ.ಜಿ. ಆಸುಪಾಸು ತೂಕ ಏರುತ್ತದೆ. ಹಾಗಾಗಿ ಮುಕ್ಕಾಲು ಗಂಟೆಯ ಹಾರಾಟಗಳನ್ನೇ ಮಾಡುವ ವಿಮಾನಕ್ಕೆ ಈ ಖರ್ಚು ಅಷ್ಟಾಗಿ ಗಿಟ್ಟುವುದಿಲ್ಲ.