ಜಾವಾದ ‘ಪಂತಿ ವೆರ್ಧ’

ಪ್ರಶ್ನೆ: ಸರಕು ಹಡಗಿನಲ್ಲಿ ನೌಕರಿ ಮಾಡುವ ನಮ್ಮ ಮಗ ಇಂಡೊನೇಷ್ಯಾದ ಸೆಮರಾಂಗ್ ಬಂದರಿನಲ್ಲಿ ಇಳಿದಿದ್ದಾಗ ‘ಪಂತಿ ವೆರ್ಧ’ ಎಂಬ ಫಲಕದ ಚಿತ್ರ ಕಳುಹಿಸಿದ್ದನು. ಅದು ವೃದ್ಧಾಶ್ರಮವಂತೆ. ‘ವೆರ್ಧ’ ನಮ್ಮ ‘ವೃದ್ಧ’ವೇ ಆಗಿದ್ದರೆ, ‘ಪಂತಿ’ಯೂ ನಮ್ಮ ಊಟದ ಪಂಕ್ತಿಯೇ ಇರಬಹುದೇ?
– ಓದುಗರು, ಬೈತಖೋಲ, ಕಾರವಾರ

ಉತ್ತರ: ತಮ್ಮ ಊಹೆಯ ಮೊದಲ ಭಾಗ ನಿಶ್ಚಯವಾಗಿ ಸರಿ. ಸಂಸ್ಕೃತದ ಋಕಾರವು ಸೆಮರಾಂಗ್ ಇರುವ ಜಾವಾ ದ್ವೀಪದ ಭಾಷೆಯಲ್ಲಿ ‘ರೆ’ ಅಥವಾ ‘ಎರ್’ ಆಗುವುದರಿಂದ ‘ವೃದ್ಧ’ವು ‘ವ್ರೆದ’, ‘ವೆರ್ದ’ ಎಂಬ ಎರಡು ರೂಪಗಳನ್ನು ತಾಳಿದೆ; ಇಂದಿನ ನಿಘಂಟು ಮಹಾಪ್ರಾಣವನ್ನು ಕೈಬಿಟ್ಟಿದ್ದರೂ ಫಲಕಗಳಲ್ಲಿ ಹಳೆಯ ‘ಧ’ ಉಳಿದುಕೊಂಡಿದೆ. ಬೋರ್ನಿಯೋ ದ್ವೀಪದ ಕುತೈಯಲ್ಲಿ ಸುಮಾರು ಕ್ರಿ.ಶ. 400ರ ಸಂಸ್ಕೃತ ಶಾಸನಗಳಿವೆ, 804ರ ಸುಕಬೂಮಿ ಶಾಸನವಾದರೋ ಹಳೆಯ ಜಾವಾ ಭಾಷೆಯಲ್ಲಿಯೇ ಇದೆ. ಇಂತಹ ಪದಗಳು ಅಲ್ಲಿ ಬೇರೂರಿದ್ದು ಶಾಸನ ಮತ್ತು ಕಾವ್ಯಗಳ ಭಾಷೆಯ ಮೂಲಕ. ನಮ್ಮ ಕರಾವಳಿಯ ಹಾಯಿಹಡಗುಗಳೇ ಅವನ್ನು ಹೊತ್ತೊಯ್ದವೆಂದು ಹೆಮ್ಮೆಪಡಲು ಆಧಾರವಿಲ್ಲ.

‘ಪಂತಿ’ಯ ವಿಷಯದಲ್ಲಿ ಅವಸರ ಬೇಡ. ಹಳಗನ್ನಡದಲ್ಲಿ ‘ಪಂಕ್ತಿ’ಯ ತದ್ಭವ ‘ಪಂತಿ’ಯೇ ಆಗಿರುವುದರಿಂದ ತಮಗೆ ಹಾಗೆ ತೋರಿದ್ದು ಸಹಜ. ಆದರೆ ಇಂಡೊನೇಷ್ಯನ್ ಭಾಷೆಗೆ ಈ ಪದ ಬಂದಿರುವುದು ಜಾವಾ ಭಾಷೆಯಿಂದ, ಅಲ್ಲಿ ಅದರ ಅರ್ಥ ಮನೆ, ನೆಲೆ ಎಂದು. ಸಾಲಿಗೂ ಮನೆಗೂ ನೆಂಟಸ್ತಿಕೆ ಕಟ್ಟಲು ಧ್ವನಿಸಾಮ್ಯವೊಂದೇ ಸಾಲದು. ದಾನಧರ್ಮದ ಸೂಚನೆಯೂ ಆ ಪದದಲ್ಲಿ ಇಲ್ಲ: ಯೋಗ್ಯಕರ್ತದ ಪ್ರಸಿದ್ಧ ಆಸ್ಪತ್ರೆಯ ಹೆಸರು ‘ಪಂತಿ ರಪಿಹ್’, ಹಣ ತೆತ್ತು ಮೈ ಮಾಲೀಸು ಮಾಡಿಸಿಕೊಳ್ಳುವ ಅಂಗಡಿಯೂ ‘ಪಂತಿ ಪಿಜತ್’. ಆರೈಕೆಯ ಅರ್ಥ ಬರುವುದು ಜೊತೆಗೂಡುವ ಪದದಿಂದ. ಅನಾಥಾಲಯವಾದ ‘ಪಂತಿ ಅಸುಹನ್’ ಎಂಬುದರಲ್ಲಿ ‘ಅಸುಹ್’ ಎಂದರೆ ಸಾಕಿ ಸಲಹು. ಅಲ್ಲಿನ ತಂದೆಯಿಲ್ಲದ ಮಗುವಿಗೆ ಅರಬ್ಬಿ ಮೂಲದ ‘ಯತಿಂ’ ಎಂಬ ಹೆಸರಿದ್ದು, ಭಟ್ಕಳದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಡುಮಾತಿನಲ್ಲಿ ವೃದ್ಧಾಶ್ರಮಕ್ಕೆ ‘ಪಂತಿ ಜೊಂಪೊ’ ಎನ್ನುತ್ತಾರೆ. ‘ಜೊಂಪೊ’ ಎಂದರೆ ಮುಪ್ಪಿನಿಂದ ಕೈಲಾಗದವರು. ಮುಖಕ್ಕೆ ಹೊಡೆದಂತಿರುವ ಆ ಮಾತಿಗಿಂತ ‘ವ್ರೆದ’ ಗೌರವದ್ದು. ಸರಕಾರಿ ಆಶ್ರಯಮನೆಗಳ ಹೆಸರಿನಲ್ಲಿ ‘ತ್ರೆಸ್ನ ವೆರ್ಧ’ ಎಂದೂ ಇರುತ್ತದೆ. ಇದನ್ನು ಕನ್ನಡದ ಕಣ್ಣಿನಿಂದ ಓದಿದರೆ ಮುದುಕರ ತೀರದ ಆಸೆ ಎಂದಾಗಿ ನಗು ಬಂದೀತು, ಏಕೆಂದರೆ ನಮ್ಮಲ್ಲಿ ತೃಷ್ಣೆ ಎಂದರೆ ಬಾಯಾರಿಕೆ, ಹಂಬಲ. ಜಾವಾದಲ್ಲಾದರೋ ಅದೇ ಪದ ಪ್ರೀತಿ, ಅಕ್ಕರೆ ಎಂಬ ಅರ್ಥಕ್ಕೆ ತಿರುಗಿದೆ. ಇನ್ನು ‘ಆಶ್ರಮ’ವೂ ‘ಅಸ್ರಮ’ ಎಂಬ ರೂಪದಲ್ಲಿ ಅಲ್ಲಿದೆ, ಆದರೆ ಅದರಲ್ಲಿ ವಾಸಿಸುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳು ಅಥವಾ ಪೊಲೀಸರು.