ಚರ್ಚಿನ ಸಭೆಯಿಂದ ಸಹಾಯ ಪಡೆಯುವ ಬಡ ಕುಟುಂಬದವರು ನಮಗೇ ಏನಾದರೂ ಕೊಡಲು ಬಂದರೆ, ಅವರ ಮನಸ್ಸು ನೋಯದ ಹಾಗೆ ಬೇಡವೆನ್ನುವುದು ಹೇಗೆ?

ಬೇಡವೆನ್ನಬೇಡಿ. ನಯವಾಗಿ ಹೇಳಿದರೂ ನೋಯುತ್ತದೆ. ಪ್ರತಿ ತಿಂಗಳು ದಿನಸಿ ಕಿಟ್ ಕೊಡಲು ಹೋದಾಗ ಆ ತಾಯಿ ನಾಲ್ಕು ಮೊಟ್ಟೆ ಕೈಗೆ ತುರುಕುತ್ತಾರೆ, ಸಂಕೋಚವಾಗುತ್ತದೆ ಎಂದು ಬರೆದಿದ್ದೀರಿ. ಓದುತ್ತಿದ್ದ ಹಾಗೆ ಹನ್ನೊಂದು ವರ್ಷ ಹಿಂದಿನ ಒಂದು ಜಗಲಿ ಕಣ್ಣ ಮುಂದೆ ಬಂತು.

ನಮ್ಮದು ಉಡುಪಿ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಆಗ ಸಹಾಯ ನಿಧಿಯ ಲೆಕ್ಕ ನನ್ನ ಕೈಯಲ್ಲಿತ್ತು. ಪಟ್ಟಿಯಲ್ಲಿ ಒಂಬತ್ತು ಮನೆ. ತಿಂಗಳ ಮೊದಲ ಶನಿವಾರ ಹತ್ತು ಕಿಲೋ ಕುಚ್ಚಲಕ್ಕಿ, ಬೇಳೆ, ತೆಂಗಿನೆಣ್ಣೆ, ಸಕ್ಕರೆ, ಚಾಪುಡಿ ಹೇರಿಕೊಂಡು ಮನೆಮನೆಗೆ ಹೋಗುತ್ತಿದ್ದೆ. ಅವುಗಳಲ್ಲಿ ಒಂದು ಮನೆ ಒಬ್ಬ ಅಕ್ಕನದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಹೈಸ್ಕೂಲಿಗೆ ಹೋಗುವ ಮಗ. ಬೀಡಿ ಕಟ್ಟಿ ಸಂಸಾರ. ಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ ಒಂದು ಬಸಳೆ ಚಪ್ಪರ.

ಆ ಶನಿವಾರ ನಾನು ಹೋದಾಗ ಅಕ್ಕ ಬೀಡಿ ಎಲೆಯ ಮೊರ ಬದಿಗಿಟ್ಟು ಎದ್ದರು, ಒಳಗೆ ಹೋಗಿ ಒಂದು ಕಟ್ಟು ಬಸಳೆ ತಂದರು. ಹೆಬ್ಬೆರಳಿನಷ್ಟು ದಪ್ಪದ ದಂಟು. ಬಾಳೆನಾರಿನಲ್ಲಿ ಎರಡು ಕಡೆ ಬಿಗಿದು, ನೀರು ಇಳಿದು ನನ್ನ ಬೈಕಿನ ಸೀಟು ಒದ್ದೆಯಾಗಬಾರದೆಂದು ಬುಡಕ್ಕೆ ಬಾಳೆಎಲೆ ಸುತ್ತಿದ್ದರು. ನಾನು ಬರುವ ಮೊದಲೇ, ನಾನು ಯಾವುದರಲ್ಲಿ ಬರುತ್ತೇನೆ, ಹೇಗೆ ಒಯ್ಯುತ್ತೇನೆ ಎಂದೆಲ್ಲ ಯೋಚಿಸಿ ಕಟ್ಟಿಟ್ಟದ್ದು ಅದು.

ನಾನು ಹೇಳಿದೆ: “ಬೇಡ ಅಕ್ಕ. ಇದನ್ನು ಮಾರಿದ್ರೆ ಮೂವತ್ತು ನಲವತ್ತು ರೂಪಾಯಿ ಬರ್ತದೆ, ಮಗನ ಪುಸ್ತಕಕ್ಕಾಗ್ತದೆ. ನಾವು ಕೊಡ್ಲಿಕ್ಕೆ ಬಂದವರು, ತಗೊಳ್ಳಿಕ್ಕೆ ಅಲ್ಲ.”

ಒಳ್ಳೆಯ ಮಾತು ಆಡಿದೆ ಎಂದೇ ಅಂದುಕೊಂಡಿದ್ದೆ. ಆಮೇಲೆ ಎಷ್ಟೋ ರಾತ್ರಿ ಆ ಮಾತನ್ನು ಬಿಡಿಸಿ ಬಿಡಿಸಿ ನೋಡಿದ್ದೇನೆ. ಕಾಣಿಕೆಗೆ ಬೆಲೆ ಕಟ್ಟಿದ್ದು ಒಂದು ತಪ್ಪು. ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಗ ಅವನ ಪುಸ್ತಕದ ಮಾತು ಎತ್ತಿದ್ದು ಇನ್ನೊಂದು. ಆದರೆ ಎಲ್ಲವನ್ನೂ ಕೆಡಿಸಿದ್ದು ಆ ‘ನಾವು’. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಕನ್ನಡದಲ್ಲಿ ‘ನಾವು’ ಒಂದೇ, ತುಳುವಿನಲ್ಲಿ ಎರಡು. ‘ನಮ’ ಅಂದರೆ ಎದುರಿಗಿರುವವರೂ ಸೇರಿದ ನಾವು. ‘ಎಂಕುಳು’ ಅಂದರೆ ಅವರನ್ನು ಬಿಟ್ಟ ನಾವು. ನಾನು ಹೇಳಿದ್ದು ‘ಎಂಕುಳು’. ಆ ಅಕ್ಕನ ದೀಕ್ಷಾಸ್ನಾನ ಆದದ್ದು ನಮ್ಮ ಆಲಯದಲ್ಲಿ, ಮದುವೆ ಆದದ್ದೂ ಅಲ್ಲೇ, ಗಂಡನನ್ನು ಮಣ್ಣು ಮಾಡಿದ್ದು ಅದರ ಹಿಂದಿನ ಜಾಗದಲ್ಲಿ. ಅವರೂ ಸಭೆಯೇ. ಒಂದೇ ಶಬ್ದದಲ್ಲಿ ಅವರನ್ನು ಸಭೆಯ ಹೊರಗೆ ನಿಲ್ಲಿಸಿ, ಒಳಗಿನಿಂದ ಅಕ್ಕಿ ಚೀಲ ಚಾಚಿದ ಹಾಗಾಯಿತು. ಅವರು ಏನೂ ಹೇಳಲಿಲ್ಲ. ಕಟ್ಟನ್ನು ಜಗಲಿಯ ಮೇಲಿಟ್ಟು ಅಕ್ಕಿ ಒಳಗೆ ಒಯ್ದರು.

ಮುಂದಿನ ತಿಂಗಳು ಚೀಲವನ್ನು ಮಗ ಬಂದು ತೆಗೆದುಕೊಂಡ. ಅದರ ಮುಂದಿನ ತಿಂಗಳು, “ಅಣ್ಣ ಸ್ವಲ್ಪ ಕಳಿಸ್ತಿದ್ದಾನೆ, ಇದನ್ನು ಇನ್ಯಾರಿಗಾದ್ರೂ ಕೊಡಿ” ಅಂದರು. ನಂಬಿ ಪಟ್ಟಿಯಿಂದ ಹೆಸರು ತೆಗೆದೆ. ಸಮಿತಿಯಲ್ಲಿ ಸಂತೋಷದಿಂದ ವರದಿಯನ್ನೂ ಓದಿದೆ.

ಗೊತ್ತಾದದ್ದು ಬೆಳೆಹಬ್ಬದ ದಿನ. ನಮ್ಮಲ್ಲಿ ಅವತ್ತು ಎಲ್ಲರೂ ಮನೆಯ ಮೊದಲ ಫಲ ತರುತ್ತಾರೆ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ, ಬಾಳೆಗೊನೆ. ಆರಾಧನೆ ಮುಗಿದ ಮೇಲೆ ಏಲಂ. ಪೇಟೆಯ ಬೆಲೆಗೂ ಅಲ್ಲಿ ಕೂಗುವ ಬೆಲೆಗೂ ಸಂಬಂಧವಿಲ್ಲ, ದುಡ್ಡು ಸಭೆಗೆ ಹೋಗುತ್ತದೆ. ಹಿಂದಿನ ವರ್ಷ ಆ ಅಕ್ಕನ ಬಸಳೆ ಕಟ್ಟನ್ನು ಮುನ್ನೂರು ರೂಪಾಯಿಗೆ ಕೂಗಿ ತೆಗೆದುಕೊಂಡವನು ನಾನೇ! ಆ ವರ್ಷ ಮೇಜಿನ ಮೇಲೆ ಬಸಳೆ ಇರಲಿಲ್ಲ. ಹೆಂಗಸರ ಕೂಟದವರೊಬ್ಬರನ್ನು ಕೇಳಿದೆ. “ಸಭೆಗೆ ನನ್ನದೇನೂ ಬೇಡವಂತೆ ಅಂದಳು” ಎಂದರು.

ಸಂಜೆಯೇ ಹೋಗಿ ಕ್ಷಮೆ ಕೇಳಿದೆ. ಚಾ ಮಾಡಿ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು. ಅಣ್ಣ ಕಳಿಸುತ್ತಿರಲಿಲ್ಲ ಎಂಬುದೂ ತಿಳಿಯಿತು. ಆದರೆ ಅಕ್ಕಿಯನ್ನು ಮತ್ತೆ ಮುಟ್ಟಲಿಲ್ಲ. ಮರುವರ್ಷ ತಮ್ಮ ತವರಿನ ಕಡೆ ಹೋದರು, ಅಲ್ಲಿಯ ಸಭೆ ಸೇರಿದರು. ಮಗನ ಎಸ್‌ಎಸ್‌ಎಲ್‌ಸಿ ಏನಾಯಿತು ಎಂದು ಕೇಳುವ ಮುಖ ನನಗೆ ಉಳಿದಿರಲಿಲ್ಲ.

ಕೊಡುವವರು ಬೇರೆ, ಪಡೆಯುವವರು ಬೇರೆ ಎಂಬ ಎಣಿಕೆಯ ಮೇಲೆಯೇ ನಿಮ್ಮ ಪ್ರಶ್ನೆ ನಿಂತಿದೆ, ಅದನ್ನು ನಾನು ಒಪ್ಪುವುದಿಲ್ಲ. ಬೈಬಲ್ಲಿನಲ್ಲಿ ಈ ಗೆರೆ ಎಲ್ಲಿದೆ ತೋರಿಸಿ. ಚಾರೆಪ್ತ ಎಂಬ ಊರಿನ ವಿಧವೆಯ ಮಡಕೆಯಲ್ಲಿದ್ದದ್ದು ಒಂದು ಹಿಡಿ ಹಿಟ್ಟು. ಬರಗಾಲದಲ್ಲಿ ಪ್ರವಾದಿ ಎಲೀಯನು ಅವಳಿಂದಲೇ ರೊಟ್ಟಿ ಕೇಳಿದ, ಅದೂ ಮೊದಲು ತನಗೆ. ಯೇಸು ಸಮಾರ್ಯದ ಹೆಂಗಸಿನೊಡನೆ ಮಾತು ಶುರುಮಾಡಿದ್ದು ಕುಡಿಯಲು ನೀರು ಕೇಳಿ. ಯೆರೂಸಲೇಮಿನ ಬಡವರಿಗಾಗಿ ಅಪೊಸ್ತಲ ಪೌಲ ಹಣ ಕೂಡಿಸುತ್ತಿದ್ದಾಗ, ಕಡುಬಡತನದಲ್ಲಿದ್ದ ಮಕೆದೋನ್ಯದ ಸಭೆಗಳು ನಮಗೂ ಇದರಲ್ಲಿ ಪಾಲು ಕೊಡಿ ಎಂದು ಬೇಡಿಕೊಂಡವು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೆಗೆದು ನಿಮ್ಮ ಸಮಿತಿಯಲ್ಲಿ ಗಟ್ಟಿಯಾಗಿ ಓದಿ.

ನಮ್ಮ ಊರಿನ ಚರಿತ್ರೆಯೂ ಹಾಗೆಯೇ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. ಸಭೆ ಸೇರಿದವರಿಗೆ ಮನೆ, ಜಾತಿ, ಕಸುಬು ಎಲ್ಲ ತಪ್ಪಿತು. ಅವರಿಗೆ ಕೂಳು ಹಾಕಿ ಕೂರಿಸಲಿಲ್ಲ. ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲೇ ದುಡಿದವರು. ಅಜ್ಜಿ ಅನ್ನಕ್ಕೆ ಅಳೆದ ಅಕ್ಕಿಯಿಂದ ದಿನಾ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುತ್ತಿದ್ದರು, ಭಾನುವಾರ ಅದು ಸಭೆಗೆ ಹೋಗುತ್ತಿತ್ತು. ಅಜ್ಜ ಕಾಯಿಲೆ ಬಿದ್ದ ವರ್ಷ ಆ ಅಕ್ಕಿಯೇ ನಮ್ಮ ಮನೆಗೆ ಬಂತು. ಬಂದ ಅಕ್ಕಿಯಿಂದಲೂ ಅಜ್ಜಿ ಹಿಡಿ ತೆಗೆದಿಟ್ಟರಂತೆ. ಸಣ್ಣವನಿದ್ದಾಗ ಈ ಕತೆ ಎಷ್ಟು ಸಲ ಕೇಳಿದ್ದೆ! ಆ ಜಗಲಿಯ ಮೇಲೆ ನಿಂತಾಗ ನೆನಪಾಗಲಿಲ್ಲ.

ಸಮಿತಿಯವರು ಇದನ್ನು ಲಂಚವೆಂದುಕೊಂಡಾರು ಎಂಬ ಭಯವೂ ನಿಮಗಿದೆ. ದುಡ್ಡು ಮುಟ್ಟಬೇಡಿ, ಉಳಿದದ್ದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಅಷ್ಟು ಸಾಕು. ಮೊಟ್ಟೆ ಮನೆಗೆ ಒಯ್ಯಿರಿ. ಬೇರೆ ಯಾರಿಗೋ ದಾಟಿಸಬೇಡಿ, ನೀವೇ ತಿನ್ನಿ. ಮುಂದಿನ ತಿಂಗಳು ಹೋದಾಗ ಚೀಲ ಕೆಳಗಿಡುವ ಮೊದಲು, ಮಕ್ಕಳು ಆಮ್ಲೆಟ್ ಮಾಡಿಸಿಕೊಂಡು ತಿಂದರು ಎಂದು ಹೇಳಿ. ಡಬ್ಬದಲ್ಲಿ ಏನಾದರೂ ಕೊಟ್ಟಿದ್ದರೆ ಖಾಲಿ ಡಬ್ಬ ವಾಪಸು ಕೊಡಿ. ಸಭೆಯಲ್ಲಿ ಅವರಿಗೊಂದು ಕೆಲಸ ಕೇಳಿ, ಬೆಳೆಹಬ್ಬಕ್ಕೆ ಏನು ತರುತ್ತೀರಿ ಎಂದು ಮೊದಲೇ ವಿಚಾರಿಸಿ.

ಒಂದು ವೇಳೆ ಬಸಳೆ ಕೊಟ್ಟರೆ, ಬುಡದ ದಪ್ಪ ದಂಟನ್ನು ಅಡಿಗೆಗೆ ಹಾಕಬೇಡಿ. ಒಂದು ಗೇಣು ಕತ್ತರಿಸಿ ಒದ್ದೆ ಮಣ್ಣಿನಲ್ಲಿ ಊರಿ. ಚಿಗುರು ಹಬ್ಬಿದ ಮೇಲೆ ಅವರನ್ನು ಮನೆಗೆ ಕರೆದು ಚಪ್ಪರ ತೋರಿಸಿ.